ಹುಟ್ಟುವ ಮುನ್ನವೇ ಮಗುವಿನ ಹೃದಯದ ತಪಾಸಣೆ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ನನಗೆ 29 ವರ್ಷ. ಮೊದಲ ಮಗನಿಗೆ ಹುಟ್ಟಿನಿಂದಲೇ ಹೃದಯದಲ್ಲಿ ರಂಧ್ರವಿತ್ತು. ಶಸ್ತ್ರಚಿಕಿತ್ಸೆಯಾಗಿ ಈಗ ಆರೋಗ್ಯವಾಗಿದ್ದಾನೆ. ನಾನೀಗ ಮತ್ತೆ ನಾಲ್ಕು ತಿಂಗಳ ಗರ್ಭಿಣಿ. ಐದನೆಯ ತಿಂಗಳ ಸ್ಕ್ಯಾನಿಂಗ್ ಅಲ್ಲದೆ ಮೈಸೂರಿಗೆ ಹೋಗಿ ಮಗುವಿನ ಹೃದಯದ ಎಕೋ ಪರೀಕ್ಷೆಯನ್ನೂ ಮಾಡಿಸಬೇಕೆಂದು ನಮ್ಮ ಡಾಕ್ಟರು ಹೇಳಿದ್ದಾರೆ. ಪದೇಪದೇ ಸ್ಕ್ಯಾನ್ ಮಾಡಿಸಿದರೆ ಮಗುವಿಗೆ ತೊಂದರೆಯೆಂದೂ, ಮೊದಲ ಸಲ ಗ್ರಹಣದ ದಿನ ನಾನು ಹೊರಗೆ ಓಡಾಡಿದ್ದರಿಂದಲೇ ಹಾಗಾಯಿತೆಂದೂ ಅತ್ತೆಯವರು ಹೇಳುತ್ತಾರೆ. ಹೆರಿಗೆಯ ದಿನ ಕಕ್ಕಡ ತಿಂಗಳ ಮಳೆಯ ನಡುವೆ ಬರುತ್ತದೆ. ಏನು ಮಾಡಲಿ?
– ಓದುಗಿ, ಸೋಮವಾರಪೇಟೆ ತಾಲ್ಲೂಕು

ಉತ್ತರ: ಗ್ರಹಣದ ಮಾತನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಿ. ಗರ್ಭ ನಿಂತ ಎಂಟು ವಾರಗಳೊಳಗೆ ಮಗುವಿನ ಹೃದಯದ ನಾಲ್ಕು ಕೋಣೆಗಳೂ ರೂಪುಗೊಂಡಿರುತ್ತವೆ. ಆ ಅವಧಿಯಲ್ಲಿ ಎಲ್ಲಿ, ಏಕೆ ತಪ್ಪಾಯಿತೆಂಬುದಕ್ಕೆ ಬಹುಪಾಲು ಮಕ್ಕಳಲ್ಲಿ ಒಂದೇ ಕಾರಣವನ್ನು ತೋರಿಸಲು ಆಗುವುದಿಲ್ಲ. ಗರ್ಭ ಧರಿಸುವಾಗ ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಮೊದಲ ಮೂರು ತಿಂಗಳಲ್ಲಿ ತಗಲುವ ರುಬೆಲ್ಲಾ ಸೋಂಕು, ವಾಲ್ಪ್ರೊಯೇಟ್‌ನಂಥ ಕೆಲವು ಮೂರ್ಛೆರೋಗದ ಮಾತ್ರೆಗಳು, ಡೌನ್ ಸಿಂಡ್ರೋಮ್‌ನಂಥ ವರ್ಣತಂತು ದೋಷಗಳು ಗೊತ್ತಿರುವ ಕಾರಣಗಳು. ನಿಮ್ಮ ಮಗನ ಹೃದಯದ ರಂಧ್ರಕ್ಕೆ ನೀವು ಹೊಣೆಯಲ್ಲ. ಈ ಸಾಲನ್ನು ಅತ್ತೆಯವರಿಗೂ ಓದಿ ಹೇಳಿ.

ಸ್ಕ್ಯಾನಿಂಗ್ ಯಂತ್ರ ಬಳಸುವುದು ಶಬ್ದ ತರಂಗಗಳನ್ನು; ಎಕ್ಸ್‌ರೇಯಲ್ಲಿರುವಂಥ ವಿಕಿರಣ ಅದರಲ್ಲಿ ಇಲ್ಲ. ವೈದ್ಯರು ಅಗತ್ಯವೆಂದು ಬರೆದುಕೊಟ್ಟ ಸ್ಕ್ಯಾನಿನಿಂದ ಮಗುವಿಗೆ ಹಾನಿಯಾಗುತ್ತದೆಂಬುದಕ್ಕೆ ಆಧಾರವಿಲ್ಲ.

ಸಾಮಾನ್ಯವಾಗಿ ಹುಟ್ಟುವ 100 ಮಕ್ಕಳಲ್ಲಿ ಸುಮಾರು ಒಂದಕ್ಕೆ ಹೃದಯದ ಜನ್ಮದೋಷವಿರುತ್ತದೆ. ಮೊದಲ ಮಗುವಿಗೆ ಹಾಗಿದ್ದರೆ ಮುಂದಿನದಕ್ಕೆ ಆ ಸಾಧ್ಯತೆ 100ಕ್ಕೆ ಎರಡು–ಮೂರರಷ್ಟಾಗುತ್ತದೆ. ಅಂದರೆ ಈ ಮಗುವಿನ ಹೃದಯ ಸರಿಯಾಗಿರುವ ಸಂಭವವೇ ಬಹಳ ಹೆಚ್ಚು. ಆದರೂ ನಿಮ್ಮ ಡಾಕ್ಟರ ಸಲಹೆ ಸರಿಯಾದದ್ದೇ. 18ರಿಂದ 20 ವಾರಗಳಲ್ಲಿ ಮಾಡುವ ಅನಾಮಲಿ ಸ್ಕ್ಯಾನಿನಲ್ಲಿ ಮಿದುಳು, ಬೆನ್ನುಹುರಿ, ಮೂತ್ರಪಿಂಡ, ಕೈಕಾಲುಗಳನ್ನೆಲ್ಲ ನೋಡಬೇಕಾಗಿರುವುದರಿಂದ ಹೃದಯ ಅದರ ಒಂದು ಭಾಗ ಮಾತ್ರ. 18ರಿಂದ 24 ವಾರಗಳ ನಡುವೆ ಮಾಡುವ ಫೀಟಲ್ ಎಕೋ ಪರೀಕ್ಷೆಯಲ್ಲಾದರೋ ಕೋಣೆಗಳ ಗಾತ್ರ, ನಡುವಿನ ಗೋಡೆ, ಕವಾಟಗಳು, ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳು ಒಂದನ್ನೊಂದು ಸರಿಯಾಗಿ ಹಾಯುತ್ತವೆಯೇ ಎಂಬುದು, ಬಡಿತದ ಲಯ ಇಷ್ಟನ್ನೂ ತಾಳ್ಮೆಯಿಂದ ನೋಡುತ್ತಾರೆ. ಮಗು ಬೆನ್ನು ಮೇಲೆ ಮಾಡಿ ಮಲಗಿದ್ದರೆ ಮತ್ತೊಮ್ಮೆ ಬರಹೇಳಬಹುದು, ಅದಕ್ಕೆ ಗಾಬರಿಯಾಗಬೇಡಿ. ಗಂಡೋ ಹೆಣ್ಣೋ ಎಂದು ಮಾತ್ರ ಕೇಳಬೇಡಿ. 1994ರ ಕಾಯ್ದೆಯ ಪ್ರಕಾರ ಹೇಳುವುದೂ ಕೇಳುವುದೂ ಅಪರಾಧ.

ಕೊಡಗಿನ ತಾಯಂದಿರು ಈ ಪರೀಕ್ಷೆಯನ್ನು ತಪ್ಪಿಸಬಾರದೆಂದು ನಾನು ಒತ್ತಿ ಹೇಳುವುದಕ್ಕೆ ಬೇರೊಂದು ಕಾರಣವಿದೆ. ಗರ್ಭದಲ್ಲಿ ಮಗುವಿಗೆ ಆಮ್ಲಜನಕ ಮಾಸಿನ ಮೂಲಕ ಬರುವುದರಿಂದ ಶ್ವಾಸಕೋಶಕ್ಕೆ ಕೆಲಸವಿಲ್ಲ. ಅಲ್ಲಿಗೆ ಹೋಗಬೇಕಾದ ರಕ್ತದ ಹೆಚ್ಚಿನ ಪಾಲು ಎರಡು ದೊಡ್ಡ ರಕ್ತನಾಳಗಳನ್ನು ಕೂಡಿಸುವ ಒಂದು ಸಣ್ಣ ನಾಳದ ಮೂಲಕ ಮೈಗೆ ಹರಿಯುತ್ತದೆ. ಹುಟ್ಟಿದ ಕೆಲವು ದಿನಗಳಲ್ಲಿ ಈ ನಾಳ ತಾನಾಗಿ ಮುಚ್ಚಿಕೊಳ್ಳುತ್ತದೆ. ಆದರೆ ಹೃದಯದಿಂದ ಮೈಗೆ ರಕ್ತ ಒಯ್ಯುವ ಮಹಾಪಧಮನಿ ತೀರ ಕಿರಿದಾಗಿರುವ, ಇಲ್ಲವೇ ಹೃದಯದ ಎಡಭಾಗ ಬೆಳೆಯದಿರುವ ಮಕ್ಕಳ ಜೀವ ಇದೇ ನಾಳವನ್ನು ನಂಬಿರುತ್ತದೆ. ಎರಡು ದೊಡ್ಡ ರಕ್ತನಾಳಗಳು ಅದಲುಬದಲಾಗಿರುವ ಮಕ್ಕಳಿಗೂ ಅದು ತೆರೆದಿರುವುದು ಮುಖ್ಯ. ಮೊದಲ ದಿನ ಚೆನ್ನಾಗಿ ಕಂಡ ಮಗು ಎರಡನೆಯ ಅಥವಾ ಮೂರನೆಯ ದಿನ ನೀಲಿಗಟ್ಟಿ, ಹಾಲು ಬಿಟ್ಟು, ತಣ್ಣಗಾಗುವುದು ಹೀಗೆ. ವಿಷಯ ಮೊದಲೇ ತಿಳಿದಿದ್ದರೆ ಪ್ರೋಸ್ಟಾಗ್ಲಾಂಡಿನ್ ಎಂಬ ಔಷಧಿಯನ್ನು ಹುಟ್ಟಿದ ಕೂಡಲೇ ಡ್ರಿಪ್‌ನಲ್ಲಿ ಕೊಟ್ಟು ನಾಳ ಮುಚ್ಚದಂತೆ ನೋಡಿಕೊಂಡು, ಶಸ್ತ್ರಚಿಕಿತ್ಸೆಗೆ ಮಗುವನ್ನು ಅಣಿಗೊಳಿಸಬಹುದು. ಅದಲುಬದಲಾದ ರಕ್ತನಾಳಗಳನ್ನು ಮೊದಲ ಕೆಲವು ವಾರಗಳಲ್ಲೇ ಸರಿಪಡಿಸಿದರೆ ಬಹುಪಾಲು ಮಕ್ಕಳು ಚೆನ್ನಾಗಿ ಬೆಳೆಯುತ್ತಾರೆ.

ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಬೆಂಗಳೂರು ಸುಮಾರು 260. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಸಂಪಾಜೆ ರಸ್ತೆ ಬಂದ್ ಆದದ್ದನ್ನು ನಾವೆಲ್ಲ ಕಂಡಿದ್ದೇವೆ. ನೀಲಿಗಟ್ಟಿದ ಹಸುಗೂಸನ್ನು ಆಂಬುಲೆನ್ಸ್‌ನಲ್ಲಿ ಮಲಗಿಸಿ ಅಂಥ ಮಳೆಯಲ್ಲಿ ಹೊರಡುವುದಕ್ಕಿಂತ, ಮಗು ಹೊಟ್ಟೆಯಲ್ಲಿರುವಾಗಲೇ ತಾಯಿ ಹೊರಡುವುದು ಎಷ್ಟೋ ಸುರಕ್ಷಿತ. ಎಕೋದಲ್ಲಿ ಗಂಭೀರ ದೋಷ ಕಂಡುಬಂದರೆ, ನವಜಾತ ಶಿಶುಗಳಿಗೆ ಹೃದಯ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಯ ಹತ್ತಿರ, ನೆಂಟರ ಮನೆಯಲ್ಲೋ ಬಾಡಿಗೆ ಕೋಣೆಯಲ್ಲೋ, ಹೆರಿಗೆಯ ದಿನಕ್ಕೆ ಎರಡು ಮೂರು ವಾರ ಮೊದಲೇ ಉಳಿದುಕೊಳ್ಳುವ ಏರ್ಪಾಡು ಮಾಡಿಕೊಳ್ಳಿ. ವರದಿ ಸರಿಯಿದ್ದರೆ, ಅಥವಾ ಸಣ್ಣ ರಂಧ್ರ ಮಾತ್ರವಿದೆಯೆಂದು ಹೃದ್ರೋಗ ತಜ್ಞರು ಹೇಳಿದರೆ, ಮಡಿಕೇರಿಯಲ್ಲೇ ಹೆರಿಗೆ ಮಾಡಿಸಬಹುದು. ಮಗುವಿನ ಹೃದಯದಲ್ಲಿ ದೋಷವಿದೆ ಎಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಾಗುವುದಿಲ್ಲ.

ಪ್ರಶ್ನೆ: ನನ್ನ ಹೆಂಡತಿಗೆ ಈಗ 22 ವಾರ. ಮಗುವಿನ ಹೃದಯದ ಎಡಭಾಗವೇ ಸರಿಯಾಗಿ ಬೆಳೆದಿಲ್ಲವೆಂದು ಸ್ಕ್ಯಾನಿಂಗ್ ವರದಿ ಬಂದಿದೆ. ಗರ್ಭ ಮುಂದುವರಿಸಬೇಕೆ, ತೆಗೆಸಲು ಕಾನೂನಿನಲ್ಲಿ ಅವಕಾಶ ಇದೆಯೇ? ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ.
– ಓದುಗ, ವಿರಾಜಪೇಟೆ

ಉತ್ತರ: ನಿಮ್ಮಿಬ್ಬರ ಸಂಕಟ ನನಗೆ ಅರ್ಥವಾಗುತ್ತದೆ. ಒಂದೇ ವರದಿಯ ಮೇಲೆ ತೀರ್ಮಾನಕ್ಕೆ ಬರದೆ, ಇದೇ ವಾರ ಫೀಟಲ್ ಎಕೋ ಮಾಡಿಸಿ, ಮಕ್ಕಳ ಹೃದ್ರೋಗ ತಜ್ಞರೊಂದಿಗೆ ಇಬ್ಬರೂ ಕುಳಿತು ಮಾತನಾಡಿ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಂಥ ದೊಡ್ಡ ಕೇಂದ್ರಗಳಲ್ಲಿ ಮಕ್ಕಳ ಹೃದ್ರೋಗ ವಿಭಾಗವೇ ಇದೆ. ಗರ್ಭದ ನೀರಿನ ಪರೀಕ್ಷೆಯಿಂದ ವರ್ಣತಂತುಗಳ ದೋಷವೂ ಸೇರಿದೆಯೇ ಎಂದು ತಿಳಿಯುತ್ತದೆ. ಎಡಭಾಗ ಪೂರ್ತಿ ಕುಂಠಿತವಾಗಿದ್ದರೆ ಹುಟ್ಟಿದ ಮೇಲೆ ಹಂತಹಂತವಾಗಿ ಮೂರು ಶಸ್ತ್ರಚಿಕಿತ್ಸೆಗಳು ಬೇಕು. ಅವು ಕಷ್ಟದವು, ಮತ್ತು ಅವುಗಳಾದ ಮೇಲೂ ಹೃದಯ ಅರ್ಧ ಬಲದಲ್ಲೇ ಕೆಲಸ ಮಾಡಬೇಕಾಗುತ್ತದೆ. ಇದನ್ನು ಮುಚ್ಚಿಟ್ಟು ಹೇಳುವುದು ನಿಮಗೆ ನ್ಯಾಯವಲ್ಲ.

ಗರ್ಭಪಾತದ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿಯ ನಂತರ, ಮಗುವಿಗೆ ಇಂಥ ತೀವ್ರ ದೋಷವಿದ್ದಾಗ 24 ವಾರಗಳವರೆಗೆ ಇಬ್ಬರು ನೋಂದಾಯಿತ ವೈದ್ಯರ ಅಭಿಪ್ರಾಯದ ಮೇಲೆ ಗರ್ಭಪಾತಕ್ಕೆ ಅವಕಾಶವಿದೆ. ಅದು ದಾಟಿದರೆ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು. ಕಾನೂನು ಕೇಳುವುದು ನಿಮ್ಮ ಹೆಂಡತಿಯ ಒಪ್ಪಿಗೆಯನ್ನು ಮಾತ್ರ. ಮುಂದುವರಿಸುವುದಾಗಲಿ ನಿಲ್ಲಿಸುವುದಾಗಲಿ, ಅವರ ಮನಸ್ಸನ್ನು ಮೊದಲು ಕೇಳಿ, ಹಿರಿಯರ ಮಾತನ್ನು ಆಮೇಲೆ ಕೇಳಿ.

ಪ್ರಶ್ನೆ: ಐದನೆಯ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಎಲ್ಲವೂ ನಾರ್ಮಲ್ ಎಂದಿದ್ದರು. ಮಗು ಹುಟ್ಟಿದ ಮೂರನೆಯ ದಿನ ಹೃದಯದಲ್ಲಿ ಸಣ್ಣ ರಂಧ್ರವಿದೆ ಎಂದರು. ಸ್ಕ್ಯಾನ್ ಮಾಡಿದವರು ಸರಿಯಾಗಿ ನೋಡಲಿಲ್ಲವೇ?
– ಓದುಗಿ, ಗೋಣಿಕೊಪ್ಪಲು

ಉತ್ತರ: ಹಾಗೆನ್ನಲಾಗದು. ಮೇಲಿನ ಎರಡು ಕೋಣೆಗಳ ನಡುವೆ ಒಂದು ಕಿಂಡಿ ಗರ್ಭದಲ್ಲಿರುವ ಪ್ರತಿಯೊಂದು ಮಗುವಿಗೂ ಇರುತ್ತದೆ, ಇರಲೇಬೇಕು. ಹುಟ್ಟಿದ ಮೇಲೆ ಅದು ಮುಚ್ಚುತ್ತದೆಯೋ ಇಲ್ಲವೋ ಎಂದು ಮೊದಲೇ ಹೇಳಲಾಗುವುದಿಲ್ಲ. ಕೆಳಕೋಣೆಗಳ ನಡುವಿನ ಸಣ್ಣ ರಂಧ್ರಗಳೂ ಆ ಪುಟ್ಟ ಹೃದಯದಲ್ಲಿ ಕಣ್ಣಿಗೆ ಬೀಳದೆ ಹೋಗುವುದುಂಟು. ಅವುಗಳಲ್ಲಿ ಅನೇಕವು ತಾವಾಗಿ ಮುಚ್ಚಿಕೊಳ್ಳುತ್ತವೆ.

ಆದ್ದರಿಂದಲೇ, ಸ್ಕ್ಯಾನ್ ವರದಿ ಹೇಗೇ ಇರಲಿ, ಹುಟ್ಟಿದ 24 ಗಂಟೆಗಳ ನಂತರ ಮಗುವಿನ ಬಲಗೈ ಮತ್ತು ಒಂದು ಪಾದಕ್ಕೆ ಪಲ್ಸ್ ಆಕ್ಸಿಮೀಟರ್ ಹಚ್ಚಿ ನೋಡಲು ಆಸ್ಪತ್ರೆಯಲ್ಲಿ ಕೇಳಿ. ಆಮ್ಲಜನಕದ ಮಟ್ಟ ಶೇಕಡ 90ಕ್ಕಿಂತ ಕೆಳಗಿದ್ದರೆ ತಡಮಾಡದೆ ಎಕೋ ಆಗಬೇಕು. ನಿಮ್ಮ ಮಗು ಹಾಲು ಕುಡಿಯುವಾಗ ಹಣೆ ಬೆವರುತ್ತಿದ್ದರೆ, ಮಧ್ಯೆ ಮಧ್ಯೆ ಬಿಟ್ಟು ಏದುಸಿರು ಬಿಡುತ್ತಿದ್ದರೆ, ತೂಕ ಏರದಿದ್ದರೆ ನಿಗದಿತ ದಿನಕ್ಕೆ ಕಾಯದೆ ತೋರಿಸಿ. ಮುಂದೆ ಶಸ್ತ್ರಚಿಕಿತ್ಸೆ ಬೇಕಾದರೆ, 18 ವರ್ಷದೊಳಗಿನ ಮಕ್ಕಳ ಹೃದಯದ ಜನ್ಮದೋಷಗಳು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವ್ಯಾಪ್ತಿಗೆ ಬರುತ್ತವೆ. ಆಶಾ ಕಾರ್ಯಕರ್ತೆಯ ಮೂಲಕ ಅಥವಾ ಮಡಿಕೇರಿಯ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ ಈಗಲೇ ಹೆಸರು ಬರೆಸಿಡಿ.