ಐದನೇ ಟೈಮ್‌ಟೇಬಲ್

ಓದಿನ ಸಲಹೆಗೆಂದು ನನ್ನ ಬಳಿ ಬಂದ ಹತ್ತನೇ ತರಗತಿಯ ಹುಡುಗಿ. ಇಲ್ಲಿ ಪುಟ್ಟಿ ಅಂತ ಕರೆಯೋಣ. ಗುರುತು ಸಿಗದಿರಲಿ ಎಂದು ಒಂದೆರಡು ವಿವರ ಬದಲಿಸಿದ್ದೇನೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತ, ವಿಜ್ಞಾನ ಎರಡರಲ್ಲೂ ಅಂಕ ಇಳಿದಿತ್ತು. ಜೊತೆಗೆ ಬಂದ ಅಮ್ಮ ಕೂರುವ ಮೊದಲೇ ಶುರು ಮಾಡಿದರು: "ಇವಳಿಗೆ ಸೋಮಾರಿತನ ಜಾಸ್ತಿ ಮೇಡಂ. ಟೈಮ್‌ಟೇಬಲ್ ಬರೀತಾಳೆ, ಮೂರೇ ದಿನಕ್ಕೆ ಬಿಡ್ತಾಳೆ."

ಪುಟ್ಟಿ ಮಾತಾಡಲಿಲ್ಲ. ನೋಟ್‌ಬುಕ್ಕಿನ ಕೊನೆಯ ಪುಟಗಳನ್ನು ತೆಗೆದು ನನ್ನ ಮುಂದಿಟ್ಟಳು. ನಾಲ್ಕು ಟೈಮ್‌ಟೇಬಲ್. ಸ್ಕೇಲ್ ಇಟ್ಟು ಎಳೆದ ಗೆರೆ, ವಿಷಯಕ್ಕೊಂದು ಬಣ್ಣದ ಸ್ಕೆಚ್ ಪೆನ್. ನಾಲ್ಕೂ ಬೆಳಗ್ಗೆ 4ಕ್ಕೆ ಶುರುವಾಗಿ ರಾತ್ರಿ 11ಕ್ಕೆ ಮುಗಿಯುತ್ತಿದ್ದವು. ಊಟಕ್ಕೆ 15 ನಿಮಿಷ. ಸೋಮಾರಿ ಮಗು ಇಷ್ಟು ಶ್ರದ್ಧೆಯಿಂದ ನಾಲ್ಕು ಸಲ ಗೆರೆ ಎಳೆಯುವುದಿಲ್ಲ.

"ನಿಮ್ಮನೇಲಿ ನೀರು ಎಷ್ಟೊತ್ತಿಗೆ ಬರುತ್ತೆ?" ಎಂದು ಕೇಳಿದೆ. ಅವಳು ಅಮ್ಮನ ಮುಖ ನೋಡಿದಳು. ದಿನ ಬಿಟ್ಟು ದಿನ, ಸಂಜೆ ಆರಕ್ಕೆ. ತುಂಬಿಸುವುದು ಇವಳೇ. ತಮ್ಮನ ಹೋಂವರ್ಕ್ ನೋಡುವುದೂ ಇವಳೇ. ಏಳರಿಂದ ಒಂಬತ್ತರವರೆಗೆ ಇರುವ ಒಂದೇ ಹಾಲ್‌ನಲ್ಲಿ ಟಿವಿ. ಆ ನಾಲ್ಕೂ ಹಾಳೆಗಳಲ್ಲಿ ನೀರೂ ಇರಲಿಲ್ಲ, ತಮ್ಮನೂ ಇರಲಿಲ್ಲ. ಬೇರೆ ಯಾರದೋ ಮನೆಗೆ ಬರೆದಂತಿತ್ತು.

ಮೊದಲ ವಾರ ಹೊಸ ಟೈಮ್‌ಟೇಬಲ್ ಬೇಡ ಅಂದೆ. ದಿನ ಹೇಗೆ ಹೋಯಿತು ಅನ್ನುವುದನ್ನಷ್ಟೇ ಬರೆದುಕೊಂಡು ಬಾ, ಇದ್ದದ್ದು ಇದ್ದ ಹಾಗೆ, ಯಾರೂ ಬೈಯಲ್ಲ. ಅಪ್ಪನ ಫೋನಿನಲ್ಲಿ ಮುಕ್ಕಾಲು ಗಂಟೆ ರೀಲ್ಸ್ ನೋಡಿದ್ದನ್ನೂ ಬರೆದಿದ್ದಳು. ಶಾಲೆಯ ದಿನಗಳಲ್ಲಿ ನಿಜವಾಗಿ ಕೈಗೆ ಸಿಗುತ್ತಿದ್ದದ್ದು ಒಂದೂವರೆ ಗಂಟೆ.

ಆ ಹೊತ್ತಿನಲ್ಲಿ ಹೇಗೆ ಓದುತ್ತಾಳೆಂದು ನೋಡಬೇಕಿತ್ತು. ಬೆಳಕಿನ ಪಾಠ ತೆಗೆದಳು. ಪುಟವಿಡೀ ಹಳದಿ ಹೈಲೈಟರ್. ಪುಸ್ತಕ ಮುಚ್ಚಿಸಿ, ಪೀನ ಮಸೂರದ ಮುಂದೆ ವಸ್ತು 2ಎಫ್‌ನ (ಎಫ್ ಅಂದರೆ ಸಂಗಮ ಬಿಂದು, 2ಎಫ್ ಮಸೂರದಿಂದ ಅದರ ಎರಡರಷ್ಟು ದೂರ) ಆಚೆ ಇದ್ದರೆ ಪ್ರತಿಬಿಂಬ ಎಲ್ಲಿ ಮೂಡುತ್ತೆ, ಚಿತ್ರ ಬರಿ ಅಂದೆ. ಮಸೂರ ಬರೆದಳು, ಪ್ರಧಾನ ಅಕ್ಷ ಎಳೆದಳು. ಅಲ್ಲಿಗೆ ಪೆನ್ಸಿಲ್ ನಿಂತುಬಿಟ್ಟಿತು. "ಐದು ಸಲ ಓದಿದೀನಿ ಮಿಸ್" ಅಂದಳು, ಕಣ್ಣು ತುಂಬಿತ್ತು.

ಓದಿದ್ದು ನಿಜವೇ. ಮತ್ತೆ ಮತ್ತೆ ಓದಿದರೆ ಬಂತು ಅನಿಸುತ್ತೆ, ಆದರೆ ಉಳಿಯುವುದಿಲ್ಲ. ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಇದನ್ನೇ ತೋರಿಸಿದರು. ಐದು ನಿಮಿಷದ ನಂತರ ಕೇಳಿದಾಗ ಮರಳಿ ಓದಿದವರು ಮುಂದಿದ್ದರು. ಒಂದು ವಾರದ ನಂತರ, ಪಠ್ಯ ನೋಡದೆ ನೆನಪಿಸಿಕೊಂಡು ಬರೆದವರೇ ಮುಂದೆ. ಹಾಗಾಗಿ ಹೈಲೈಟರ್ ಪಕ್ಕಕ್ಕಿಡು ಅಂದೆ. ಒಂದು ಭಾಗ ಓದು, ಮುಚ್ಚು, ರಫ್ ಹಾಳೆಯಲ್ಲಿ ಬರಿ, ತೆರೆದು ತಿದ್ದು.

ಇನ್ನು ಆ ಒಂದೂವರೆ ಗಂಟೆಯನ್ನು ಹೀಗೆ ಹಂಚಿಕೋ ಅಂದೆ: ಬೆಳಗ್ಗೆ ಐದೂವರೆಗೆ ಎದ್ದೇಳು, ಐದೂಮುಕ್ಕಾಲರಿಂದ ಒಂದು ಗಂಟೆ ಗಣಿತ, ಮನೆ ಇನ್ನೂ ಮಲಗಿರುತ್ತಲ್ವಾ. ಸಂಜೆ ನೀರಿಗೆ ಮೊದಲು ಅರ್ಧ ಗಂಟೆ, ಅವತ್ತು ಕ್ಲಾಸಲ್ಲಿ ಆದದ್ದನ್ನು ನೋಡದೆ ಬರೆಯುವುದು. ಒಂಬತ್ತೂವರೆಗೆ ಮಲಗಬೇಕು. ಈ ವಯಸ್ಸಿಗೆ 8 ಗಂಟೆ ನಿದ್ದೆಯಾದರೂ ಬೇಕೇ ಬೇಕು. ಭಾನುವಾರ ಬೆಳಗ್ಗೆ ಖಾಲಿ ಬಿಡು, ವಾರದ ಬಾಕಿಗೆ. ಬ್ಯಾಗಿನ ತಳದಲ್ಲಿ ಮುದುಡಿ ಬಿದ್ದಿದ್ದ ಚಟುವಟಿಕೆ ಹಾಳೆಗಳಿಗೆ ಒಂದು ಫೈಲ್ ತಗೋ. ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆಗೆ 25, ಉಳಿದ ವಿಷಯಗಳಿಗೆ 20 ಆಂತರಿಕ ಅಂಕ. ಹಾಳೆ ಕಳೆದು ಅವು ಕೈತಪ್ಪಬಾರದು.

"ಒಂದೂವರೆ ಗಂಟೆ ಸಾಕಾ ಮೇಡಂ?" ಅಮ್ಮ ಕೇಳಿದರು. ಜಾಸ್ತಿ ಬೇಕಿದ್ದರೆ ಅದು ನಿಮ್ಮ ಕೈಯಲ್ಲಿದೆ ಅಂದೆ. ತಮ್ಮನಿಗೂ ಹನ್ನೊಂದು ವರ್ಷ, ಅರ್ಧ ಕೊಡ ನೀರು ಹೊರುವುದು ಕಷ್ಟವಲ್ಲ. "ಅವನು ಗಂಡುಹುಡುಗ..." ಅಂದವರು ಮಗಳನ್ನು ನೋಡಿ ಅಲ್ಲಿಗೇ ನಿಲ್ಲಿಸಿದರು.

ಆರು ವಾರದ ನಂತರ ಬಂದಾಗ ಐದನೇ ಟೈಮ್‌ಟೇಬಲ್ ತಂದಿದ್ದಳು. ಬರೀ ಪೆನ್ಸಿಲ್, ಅಲ್ಲಲ್ಲಿ ಅಳಿಸಿ ತಿದ್ದಿದ್ದು. ತಪ್ಪಿಹೋದ ಒಂಬತ್ತು ದಿನಗಳಿಗೆ ಸುತ್ತು ಹಾಕಿದ್ದಳು. ನೀರಿನ ದಿನಗಳಲ್ಲಿ ಒಂದನ್ನು ಬಿಟ್ಟು ಒಂದಕ್ಕೆ ತಮ್ಮನ ಹೆಸರು. ಕೇಳುವ ಮೊದಲೇ ಹಾಳೆ ಎಳೆದುಕೊಂಡು ಮಸೂರದ ಚಿತ್ರ ಬರೆದು, ಎಫ್ ಮತ್ತು 2ಎಫ್ ನಡುವೆ ತಲೆಕೆಳಗಾದ ಚಿಕ್ಕ ಬಾಣ ಹಾಕಿದಳು. ವರ್ಗ ಸಮೀಕರಣ ಮಾತ್ರ ಇನ್ನೂ ಹತ್ತುತ್ತಿಲ್ಲ. ಶನಿವಾರ ಶಾಲೆ ಬಿಟ್ಟ ಮೇಲೆ ಗಣಿತದ ಮೇಷ್ಟ್ರನ್ನು ಕೇಳುತ್ತೇನೆ ಎಂದು ಹೇಳಿ ಹೋಗಿದ್ದಾಳೆ.