ಕನೆಕ್ಟರ್‌ನಲ್ಲಿ 12 ವೋಲ್ಟ್ ಬರ್ತಿದೆ, ಮೂವರ್ ಬ್ಲೇಡ್ ತಿರುಗ್ತಿಲ್ಲ. ಯಾವ ಕ್ಲಚ್ ತಗೊಳ್ಳಲಿ?

ಯಾವುದನ್ನೂ ತಗೋಬೇಡಿ. ಇವತ್ತಂತೂ ಬೇಡವೇ ಬೇಡ.

ನಿಮ್ಮ ಪ್ರಶ್ನೆ ಓದುತ್ತಿದ್ದರೆ ನನ್ನದೇ ಹಳೆಯ ಪಾಡನ್ನು ಯಾರೋ ಬರೆದಿಟ್ಟ ಹಾಗಿದೆ. ಹುಲ್ಲು ಕತ್ತರಿಸುವ ಗಾಡಿಯ ಎಂಜಿನ್ ಸ್ಟಾರ್ಟ್ ಆಗುತ್ತದೆ, ಗಾಡಿ ಹಿಂದೆ ಮುಂದೆ ಓಡುತ್ತದೆ, ಹಳದಿ ನಾಬ್ ಎಳೆದರೆ ಬ್ಲೇಡ್ ಮಾತ್ರ ಮಿಸುಕುವುದಿಲ್ಲ. ಎಂಜಿನ್ನಿನ ತಿರುಗಾಟವನ್ನು ಬ್ಲೇಡಿಗೆ ಜೋಡಿಸುವುದು ಕರೆಂಟಿನಿಂದ ಮ್ಯಾಗ್ನೆಟ್ ಆಗುವ ಒಂದು ಕ್ಲಚ್; ಅದರ ಕನೆಕ್ಟರ್ ಬಿಚ್ಚಿ ಮೀಟರ್ ಹಿಡಿದರೆ 12 ವೋಲ್ಟ್ ಬರುತ್ತಿದೆ. ಅಂದಮೇಲೆ ಕ್ಲಚ್ ಸತ್ತಿದೆ, ಕಂಪನಿಯದ್ದೇ ಹಾಕಿಸಲಾ, ಅಗ್ಗದ್ದು ಸಾಕಾ ಅಂತ ಕೇಳಿದ್ದೀರಿ. ಈ 'ಅಂದಮೇಲೆ' ಇದೆಯಲ್ಲ, ನಾನು ಮುಗ್ಗರಿಸಿದ್ದು ಅಲ್ಲೇ.

ನನ್ನದು ಸೆಕೆಂಡ್ ಹ್ಯಾಂಡ್ ರೈಡಿಂಗ್ ಮೂವರ್. ನಾಬ್ ಎಳೆದರೆ ಕೆಳಗಿನಿಂದ 'ಟಕ್' ಅಂತ ಒಂದು ಗಟ್ಟಿ ಸದ್ದು, ಎಂಜಿನ್ ದನಿ ಒಂದು ಕ್ಷಣ ಕುಗ್ಗಿ ಮತ್ತೆ ಏರುವುದು. ಕೂತಲ್ಲೇ ಕಾಲಿಗೆ ಅದು ಗೊತ್ತಾಗುತ್ತಿತ್ತು. ಆ ಸಲ ಮಳೆ ಬಿಟ್ಟ ಮೇಲೆ ಹುಲ್ಲು ಮೊಣಕಾಲಿಗೆ ಬಂದಿತ್ತು. ಅರ್ಧ ಗಂಟೆ ಕತ್ತರಿಸುತ್ತಿದ್ದ ಹಾಗೆ ಬ್ಲೇಡ್ ತಾನಾಗಿ ಬಿಟ್ಟುಬಿಡೋದು. ಸ್ವಲ್ಪ ಹೊತ್ತು ನಿಲ್ಲಿಸಿದರೆ ಮತ್ತೆ ಹಿಡಿಯೋದು. ನಾನೂ ನೀರು ಕುಡಿದು ಕೂರುತ್ತಿದ್ದೆ, ಅದಕ್ಕೂ ಸುಸ್ತು ಅಂದುಕೊಂಡೆ. ಎರಡು ವಾರ ಹೀಗೇ ಹೋಯಿತು. ಒಂದು ಬೆಳಗ್ಗೆ ನಾಬ್ ಎಳೆದೆ, ಟಕ್ ಇಲ್ಲ. ಮತ್ತೆ ಎಳೆದೆ. ಇಲ್ಲ.

ಬೆಲ್ಟ್ ನೋಡಿದೆ, ಪುಲ್ಲಿಗಳ ಮೇಲೆ ಸರಿಯಾಗಿ ಕೂತಿತ್ತು. ಫ್ಯೂಸ್ ನೋಡಿದೆ, ಚೆನ್ನಾಗಿತ್ತು. ಆಮೇಲೆ ನಿಮ್ಮ ಹಾಗೆಯೇ ನೆಲದ ಮೇಲೆ ಮಲಗಿ ಕ್ಲಚ್‌ನ ಕನೆಕ್ಟರ್ ಕಿತ್ತು ಮೀಟರ್‌ನ ಎರಡು ಕಡ್ಡಿ ತುರುಕಿದೆ. 12.4. ಎಷ್ಟು ಖುಷಿಯಾಯಿತು ಗೊತ್ತಾ? ಕರೆಂಟು ಬಾಗಿಲವರೆಗೆ ಬಂದು ನಿಂತಿದೆ, ಒಳಗಿರುವವನೇ ಸತ್ತಿದ್ದಾನೆ. ಅದೇ ದಿನ ಹೊಸ ಕ್ಲಚ್ ಆರ್ಡರ್ ಮಾಡಿದೆ.

ಹಳೆಯದನ್ನು ಬಿಚ್ಚಿದ ಪುರಾಣ ಉದ್ದಕ್ಕೆ ಬೇಡ, ಆದರೂ ಸ್ವಲ್ಪ ಹೇಳಿಬಿಡುತ್ತೇನೆ, ನೀವೂ ಅದೇ ಕೆಲಸಕ್ಕೆ ಕೈ ಹಾಕಲು ಹೊರಟಿದ್ದೀರಲ್ಲ. ಎಂಜಿನ್ನಿನ ಶಾಫ್ಟ್ ಕೆಳಗೆ ಚಾಚಿಕೊಂಡಿರುತ್ತದೆ, ಅದರ ತುದಿಯಲ್ಲಿ ಒಂದೇ ಒಂದು ಬೋಲ್ಟ್. ಸ್ಪ್ಯಾನರ್ ಹಾಕಿ ತಿರುಗಿಸಿದರೆ ಜೊತೆಗೆ ಎಂಜಿನ್ನೂ ತಿರುಗುತ್ತದೆ. ಹೇಗೋ ಬೋಲ್ಟ್ ಬಂತು. ಕ್ಲಚ್ ಬರಲಿಲ್ಲ. ಶಾಫ್ಟಿಗೂ ಅದಕ್ಕೂ ನಡುವೆ ತುಕ್ಕು ಬೆಸುಗೆ ಹಾಕಿಬಿಟ್ಟಿತ್ತು. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಕಾದೆ, ಮಾರನೇ ದಿನ ಎರಡು ಕಡೆಯಿಂದ ಮೀಟುತ್ತಾ ಕೂತೆ. ಕೊನೆಗೆ ಅದು ಎದೆಯ ಮೇಲೇ ಬಿತ್ತು. ಅದರ ಜೊತೆ ಶಾಫ್ಟಿನ ತೋಡಿನಲ್ಲಿ ಕೂತು ಕ್ಲಚ್ಚನ್ನು ಅದರ ಜೊತೆ ತಿರುಗಿಸುವ ಬೆರಳುದ್ದದ ಉಕ್ಕಿನ ತುಂಡು, ಅದಕ್ಕೂ ಕೀ ಅಂತಲೇ ಹೆಸರು, ಹಾರಿ ಹುಲ್ಲಿನಲ್ಲಿ ಮಾಯ. ಹಳೆಯ ಸ್ಪೀಕರಿನ ಮ್ಯಾಗ್ನೆಟ್ ಕೋಲಿಗೆ ಕಟ್ಟಿಕೊಂಡು ಒಂದು ಗಂಟೆ ಹುಲ್ಲು ಸವರಿದ್ದೇನೆ.

ಹೊಸ ಕ್ಲಚ್ ಹಾಕಿ, ಬೋಲ್ಟ್ ಬಿಗಿದು, ಕೂತು, ನಾಬ್ ಎಳೆದೆ.

'ಟಿಕ್' ಅಂತು. ಅಷ್ಟೇ. ಬ್ಲೇಡ್ ತಿರುಗಲಿಲ್ಲ.

ವಾಹನಗಳ ವೈರಿಂಗ್ ಮಾಡುವ ನಮ್ಮ ಭಾವನಿಗೆ ಫೋನ್ ಮಾಡಿದೆ. ಪೂರ್ತಿ ಕಥೆ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು. "ವೋಲ್ಟೇಜು ಕನೆಕ್ಟರ್ ಹಾಕಿಟ್ಟು ನೋಡಿದ್ಯಾ, ಬಿಚ್ಚಿ ನೋಡಿದ್ಯಾ?"

"ಬಿಚ್ಚಿ ನೋಡ್ದೆ ಭಾವ. ಹಾಕಿಟ್ರೆ ಕಡ್ಡಿ ಎಲ್ಲಿ ತುರುಕೋದು?"

"ಹಾಗಾದ್ರೆ ನೀನು ಏನೂ ನೋಡಿಲ್ಲ ಬಿಡು."

ಆಗ ಸಿಟ್ಟು ಬಂದಿತ್ತು. ಸಂಜೆ ಅವರೇ ಬಂದರು. ಕನೆಕ್ಟರ್ ವಾಪಸ್ ಸಿಕ್ಕಿಸಿದರು, ಎರಡು ಗುಂಡುಸೂಜಿ ತೆಗೆದು ಅದರ ಹಿಂಭಾಗದಿಂದ, ವೈರ್ ಒಳಗೆ ಹೋಗುವ ಸಂದಿಯಲ್ಲಿ, ಲೋಹ ತಾಗುವ ತನಕ ನೂಕಿದರು. ಎಂಜಿನ್ ಆಫ್, ಸ್ಪಾರ್ಕ್ ಪ್ಲಗ್‌ನ ವೈರ್ ಕಿತ್ತಿಟ್ಟಿದ್ದು, ಕೀ ಮಾತ್ರ ಆನ್. ನನ್ನನ್ನು ಸೀಟಿನ ಮೇಲೆ ಕೂರಿಸಿ ನಾಬ್ ಎಳೆಸಿದರು. ಸೂಜಿಗಳ ಮೇಲೆ ಮೀಟರ್ ಹಿಡಿದರೆ 6.2.

ಹನ್ನೆರಡು ಇದ್ದದ್ದು ಆರಕ್ಕೆ ಹೇಗೆ ಇಳಿಯಿತು? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನ್ನ ದುಡ್ಡು, ಎರಡು ದಿನ, ಎದೆಯ ಮೇಲಿನ ನೀಲಿ ಕಲೆ ಎಲ್ಲ ಹೋದದ್ದು ಇದೊಂದು ಗೊತ್ತಿಲ್ಲದೆ.

ತೋಟದ ನೀರಿನ ಪೈಪ್ ನೆನಪಿಸಿಕೊಳ್ಳಿ. ಪೈಪು ನಡುವೆ ಎಲ್ಲೋ ಮಡಚಿಕೊಂಡಿದೆ. ತುದಿಯನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಮುಚ್ಚಿ ಹಿಡಿಯಿರಿ. ಸ್ವಲ್ಪ ಹೊತ್ತಿಗೆ ನೀರು ಬೆರಳನ್ನು ಪೂರ್ತಿ ಜೋರಿನಿಂದ ತಳ್ಳುತ್ತದೆ, ಮಡಿಕೆ ಇರುವುದೇ ಗೊತ್ತಾಗುವುದಿಲ್ಲ, ಯಾಕೆಂದರೆ ನೀರು ಹರಿಯುತ್ತಿಲ್ಲ. ಬೆರಳು ತೆಗೆಯಿರಿ, ತೊಟ್ಟಿಕ್ಕುತ್ತದೆ. ಮೀಟರ್ ಅಂದರೆ ಆ ಹೆಬ್ಬೆರಳು. ಮಾಮೂಲಿ ಡಿಜಿಟಲ್ ಮೀಟರಿನ ಒಳಗಿನ ತಡೆ ಸುಮಾರು 10 ಮೆಗಾ ಓಮ್, ಅಂದರೆ ಒಂದು ಕೋಟಿ ಓಮ್. ಅದರ ಮೂಲಕ ಹರಿಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ದಾರಿಯಲ್ಲಿ ಮೂರು ಓಮಿನ ಕೆಟ್ಟ ಜಾಗ ಇದ್ದರೂ ಒಂದು ಕೋಟಿಯ ಪಕ್ಕದಲ್ಲಿ ಮೂರು ಯಾವ ಲೆಕ್ಕ? ಅದಕ್ಕೇ 12.4 ತೋರಿಸಿತು. ಮೀಟರ್ ಸುಳ್ಳು ಹೇಳಲಿಲ್ಲ, ನಾನು ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟಿತು. ಪ್ರಶ್ನೆಯೇ ದಡ್ಡತನದ್ದು.

ಈಗ ಕ್ಲಚ್ ಸಿಕ್ಕಿಸಿ. ಅದರ ಕಾಯಿಲ್, ಅಂದರೆ ಒಳಗಿನ ತಾಮ್ರದ ತಂತಿಯ ಸುರುಳಿ, ಸುಮಾರು ಮೂರು ಓಮ್. ಎಲ್ಲ ಸರಿ ಇದ್ದರೆ ನಾಲ್ಕು ಆಂಪಿಯರ್ ಎಳೆದು ಗಟ್ಟಿ ಮ್ಯಾಗ್ನೆಟ್ ಆಗುತ್ತದೆ. ದಾರಿಯಲ್ಲಿ ಇನ್ನೊಂದು ಮೂರು ಓಮ್ ಕೂತಿದ್ದರೆ? ಒಟ್ಟು ಆರು ಓಮ್, ಕರೆಂಟು ಎರಡೇ ಆಂಪಿಯರ್, ಅರ್ಧ ವೋಲ್ಟೇಜು ಆ ಕೆಟ್ಟ ಜಾಗದಲ್ಲೇ ಖರ್ಚು. ಇನ್ನೂ ಒಂದು ಪೆಟ್ಟಿದೆ: ಮ್ಯಾಗ್ನೆಟ್ ಎಳೆಯುವ ಬಲ ಹೆಚ್ಚುಕಮ್ಮಿ ಕರೆಂಟಿನ ವರ್ಗಕ್ಕೆ ತಕ್ಕ ಹಾಗೆ. ಕರೆಂಟು ಅರ್ಧವಾದರೆ ಬಲ ಕಾಲು ಭಾಗ. ಟಕ್ ಅನ್ನುವ ಬದಲು ಟಿಕ್ ಅಂದದ್ದು ಅದಕ್ಕೆ. ಹೊಸ ಕ್ಲಚ್ ಹಾಕಿದರೂ ಅಷ್ಟೇ, ಚಿನ್ನದ ಕ್ಲಚ್ ಹಾಕಿದರೂ ಅಷ್ಟೇ.

ಕೆಟ್ಟ ಜಾಗ ಹುಡುಕಲು ಭಾವನಿಗೆ ಹತ್ತು ನಿಮಿಷ ಬೇಕಾಗಲಿಲ್ಲ. ಮೀಟರಿನ ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಕೆಂಪು ಕಡ್ಡಿ ಹಿಡಿದು ದಾರಿಯುದ್ದಕ್ಕೂ ಬಂದರು. ನಾನು ನಾಬ್ ಎಳೆದೇ ಕೂತಿದ್ದೆ. ಬ್ಯಾಟರಿಯಲ್ಲಿ 12.4. ಫ್ಯೂಸ್ ದಾಟಿದ ಮೇಲೂ ಅಷ್ಟೇ. ನಾಬ್‌ನ ಸ್ವಿಚ್ಚಿಗೆ ಒಳಗೆ ಹೋಗುವ ಕಡೆ 12.3. ಹೊರಗೆ ಬರುವ ಕಡೆ 6.2. "ಇಕೋ ನಿನ್ನ ಕ್ಲಚ್ಚು," ಅಂದರು. ಸ್ವಿಚ್ ಬಿಚ್ಚಿ ಹಿಂದುಗಡೆ ನೋಡಿದರೆ ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಉಬ್ಬಿತ್ತು, ಮೂಗಿನ ಹತ್ತಿರ ಹಿಡಿದರೆ ಸುಟ್ಟ ವಾಸನೆ. ಬರಬೇಕಾದದ್ದೇ. ಆ ಮೂರು ಓಮಿನ ಜಾಗದಲ್ಲಿ ಸುಮಾರು 13 ವ್ಯಾಟ್ ಶಾಖ ಹುಟ್ಟುತ್ತಿತ್ತು, ಸಣ್ಣ ಸೋಲ್ಡರಿಂಗ್ ಕಡ್ಡಿಯನ್ನು ಸ್ವಿಚ್ಚಿನೊಳಗೆ ಇಟ್ಟ ಹಾಗೆ.

ಎಂಜಿನ್ ಸ್ಟಾರ್ಟ್ ಆಗ್ತಿತ್ತಲ್ಲ, ಸ್ವಿಚ್ ಕೆಟ್ಟಿದ್ದರೆ ಹೇಗೆ ಅಂತ ನಾನೂ ಕೇಳಿದೆ. ಆ ಸ್ವಿಚ್ಚಿನೊಳಗೆ ಒಂದೇ ಜೋಡಿ ಸಂಪರ್ಕ ಇರುವುದಿಲ್ಲ. ಒಂದು ಜೋಡಿ ಕ್ಲಚ್‌ಗೆ ಕರೆಂಟು ಕೊಡಲು. ಇನ್ನೊಂದು, ಬ್ಲೇಡ್ ಆನ್ ಇದ್ದರೆ ಎಂಜಿನ್ ಸ್ಟಾರ್ಟ್ ಆಗದಂತೆ ತಡೆಯಲು. ಒಂದು ಸುಟ್ಟರೂ ಮತ್ತೊಂದು ಚೆನ್ನಾಗೇ ಇರಬಹುದು. ಸುಡುವುದು ಹೆಚ್ಚಾಗಿ ಕ್ಲಚ್‌ನದ್ದೇ: ಪ್ರತಿ ಸಲ ಆಫ್ ಮಾಡಿದಾಗ ಕಾಯಿಲ್ ಕೊನೆಯ ಕಿಡಿಯೊಂದನ್ನು ಅದರ ಮೇಲೆ ಹಾರಿಸಿ ಹೋಗುತ್ತದೆ.

ಸ್ವಿಚ್ ಬದಲಾಯಿಸಿದೆ. ಟಕ್. ಹಳೆಯ ಕ್ಲಚ್‌ನ ಕಾಯಿಲ್ ಆಮೇಲೆ ಅಳೆದರೆ 3 ಓಮ್, ಆರೋಗ್ಯವಾಗಿದೆ. ಅದೀಗ ಶೆಡ್ಡಿನ ಬಾಗಿಲು ಗಾಳಿಗೆ ಬಡಿಯದ ಹಾಗೆ ಒತ್ತಿಗೆ ಕೂತಿದೆ.

ಈಗ ನಿಮ್ಮ ವಿಷಯ. ಕನೆಕ್ಟರ್ ಬಿಚ್ಚಿದಾಗ ಮೊದಲು ಕ್ಲಚ್ ಕಡೆಯ ಎರಡು ಪಿನ್ನಿನ ನಡುವೆ ಓಮ್ ಅಳೆಯಿರಿ. ಎರಡರಿಂದ ನಾಲ್ಕರ ಆಸುಪಾಸು ಬಂದರೆ ಕಾಯಿಲ್ ಬದುಕಿದೆ. ಅನಂತ ತೋರಿಸಿದರೆ ಒಳಗೆ ತುಂಡಾಗಿದೆ, ಸೊನ್ನೆಯ ಹತ್ತಿರ ಬಂದರೆ ಒಳಗೇ ಶಾರ್ಟ್ ಆಗಿದೆ, ಆಗ ನಿಮ್ಮ ಪ್ರಶ್ನೆಗೆ ಅರ್ಥ ಬರುತ್ತದೆ, ಕಂಪನಿಯದ್ದೇ ಹಾಕಿ ಅಂತೀನಿ. ಕಾಯಿಲ್ ಸರಿ ಇದ್ದರೆ ಎಲ್ಲ ಸಿಕ್ಕಿಸಿ, ಯಾರನ್ನಾದರೂ ಸೀಟಿನ ಮೇಲೆ ಕೂರಿಸಿ, ಗುಂಡುಸೂಜಿ ಪ್ರಯೋಗ ಮಾಡಿ. ಬಹಳಷ್ಟು ಮೆಷಿನ್‌ಗಳಲ್ಲಿ ಎಂಜಿನ್ ಓಡಿಸದೆ, ಕೀ ಆನ್ ಇಟ್ಟರೆ ಸಾಕು. ಎಂಜಿನ್ ಓಡುವಾಗ ಕೆಳಗೆ ಕೈ ಹಾಕುವ ಮಾತೇ ಇಲ್ಲ, ಪ್ಲಗ್‌ನ ವೈರ್ ಕಿತ್ತು ದೂರ ಇಡಿ. ಪ್ಲಸ್ ಕಡೆ ಎಲ್ಲ ಸರಿ ಬಂದರೂ ಕ್ಲಚ್‌ನ ಎರಡು ವೈರುಗಳ ನಡುವೆ ವೋಲ್ಟೇಜು ಕಮ್ಮಿ ಇದ್ದರೆ ಅರ್ತಿಂಗ್ ನೋಡಿ. ಮೈನಸ್ ವೈರ್ ಚಾಸಿಗೆ ಬಿಗಿದ ಜಾಗದಲ್ಲಿ ತುಕ್ಕು, ತಾಮ್ರದಲ್ಲಿ ಹಸಿರು ಕಿಲುಬು, ಇವೂ ಸ್ವಿಚ್ಚಿನಷ್ಟೇ ಕಳ್ಳರು. ಉಜ್ಜಿ ಬಿಗಿದರೆ ಮುಗಿಯಿತು. ಬ್ಯಾಟರಿಯನ್ನೂ ಮರೀಬೇಡಿ. ಎಂಜಿನ್ ಓಡುವಾಗ ಅದರ ಮೇಲೆ 13.5ಕ್ಕಿಂತ ಜಾಸ್ತಿ ಬರಬೇಕು. ಬರದಿದ್ದರೆ ಚಾರ್ಜಿಂಗ್ ಇಲ್ಲ, ಕ್ಲಚ್ ಬ್ಯಾಟರಿಯನ್ನು ಹೀರಿ ಹೀರಿ ಕೊನೆಗೆ ತಾನೇ ಬಿಡುತ್ತದೆ.

ಕ್ಲಚ್‌ಗೆ ಪೂರ್ತಿ 12 ತಲುಪುತ್ತಿದೆ, ಕಾಯಿಲ್ಲೂ ಸರಿ, ಆದರೂ ಹಿಡಿಯುತ್ತಿಲ್ಲ ಅಂದರೆ ಸಂದು ಜಾಸ್ತಿಯಾಗಿದೆ. ಪ್ಲೇಟು ಸವೆದಂತೆ ಮ್ಯಾಗ್ನೆಟ್ಟಿಗೂ ಅದಕ್ಕೂ ದೂರ ಬೆಳೆಯುತ್ತದೆ. ತುಂಬಾ ಕ್ಲಚ್‌ಗಳಲ್ಲಿ ಸುತ್ತ ಮೂರು ಕಿಂಡಿ, ಪಕ್ಕಕ್ಕೆ ಸ್ಪ್ರಿಂಗ್ ಇರುವ ಮೂರು ನಟ್ ಇರುತ್ತವೆ. ಸಂದು ಅಳೆಯುವ ತೆಳು ತಗಡಿನ ಪಟ್ಟಿ, ಅಂದರೆ ಫೀಲರ್ ಗೇಜ್, ತೂರಿಸಿ ಮೂರೂ ಕಡೆ ಸಮ ಬರುವಂತೆ ಬಿಗಿಯಬೇಕು. ಸಾಮಾನ್ಯವಾಗಿ 0.3 ಮಿಲಿಮೀಟರ್ ಸುತ್ತಮುತ್ತ, ನಿಮ್ಮ ಮೆಷಿನ್ ಪುಸ್ತಕದಲ್ಲಿ ಇರುವ ಅಂಕಿಯೇ ಕೊನೆ ಮಾತು. ತಣ್ಣಗಿದ್ದಾಗ ಹಿಡಿದು ಬಿಸಿಯಾದ ಮೇಲೆ ಬಿಡುವ ರೋಗಕ್ಕೆ ಇದೂ ಕಾರಣ. ತಾಮ್ರದ ತಡೆ ಒಂದೊಂದು ಡಿಗ್ರಿಗೂ ಶೇಕಡ 0.4ರಷ್ಟು ಏರುತ್ತದೆ, 80 ಡಿಗ್ರಿಯಷ್ಟು ಬಿಸಿ ಏರಿದರೆ ತಡೆ ಮೂವತ್ತು ಪರ್ಸೆಂಟ್ ಜಾಸ್ತಿ, ಕರೆಂಟು ಸುಮಾರು ಕಾಲು ಭಾಗ ಹೋಯಿತು. ಸಂದು ಸರಿ ಇರುವ ಕ್ಲಚ್ ಅದನ್ನು ತಡೆದುಕೊಳ್ಳುತ್ತದೆ, ಸವೆದದ್ದು ತಡೆಯುವುದಿಲ್ಲ.

ಟಕ್ ಸದ್ದು ಜೋರಾಗೇ ಬಂದು ಬ್ಲೇಡ್ ಮಾತ್ರ ನಿಂತಿದ್ದರೆ ಕರೆಂಟಿನ ತಂಟೆಗೇ ಹೋಗಬೇಡಿ. ಬೆಲ್ಟ್, ಅದನ್ನು ಬಿಗಿ ಹಿಡಿಯುವ ಸ್ಪ್ರಿಂಗು, ಬ್ಲೇಡ್ ಕೂರುವ ಶಾಫ್ಟಿನ ಬೇರಿಂಗು, ಅಷ್ಟೇ. ನಾಬ್ ಬದಲು ಕೈಯಲ್ಲಿ ಎಳೆಯುವ ಲಿವರ್ ಇರುವ ಮೆಷಿನ್‌ಗೆ ಈ ಉತ್ತರದ ಮುಕ್ಕಾಲು ಭಾಗ ಬೇಡ, ಕೇಬಲ್ ಸಡಿಲ ಆಗಿದೆಯಾ ನೋಡಿದರೆ ಸಾಕು.

ಇನ್ನು, ಸೀಟಿನ ಸ್ವಿಚ್ಚಿನ ವೈರ್ ಎರಡನ್ನೂ ಹೊಸೆದುಬಿಟ್ಟರೆ ಸರಿಹೋಗುತ್ತೆ ಅಂತ ಯಾರೋ ನಿಮಗೆ ಹೇಳಿದ್ದಾರಂತಲ್ಲ. ಆ ಮಹಾನುಭಾವರ ಮಾತು ಕೇಳಬೇಡಿ. ನಿಮ್ಮ ಕಾಯಿಲೆ ಅದಲ್ಲ ಅನ್ನೋದು ಒಂದು. ನೀವು ಸೀಟಿನಿಂದ ಬಿದ್ದಾಗ ಬ್ಲೇಡ್ ನಿಲ್ಲಿಸುವುದು ಅದೊಂದೇ ಅನ್ನೋದು ಇನ್ನೊಂದು. ಪರೀಕ್ಷೆ ಮಾಡಲು ಕೂಡ ನಾನು ಅದನ್ನು ಹೊಸೆಯುವುದಿಲ್ಲ, ಮನುಷ್ಯರನ್ನೇ ಕೂರಿಸುತ್ತೇನೆ. ನನ್ನ ಮಗನಿಗೆ ಈಗ ಅದೇ ಕೆಲಸ, ಸೀಟಿನ ಮೇಲೆ ಕೂತು ಮೊಬೈಲ್ ನೋಡ್ತಾನೆ.

ಕ್ಲಚ್ ಆರ್ಡರ್ ಮಾಡಿಬಿಟ್ಟಿದ್ದರೆ ಡಬ್ಬ ಒಡೆಯಬೇಡಿ, ವಾಪಸ್ ತಗೊಳ್ಳಬಹುದು. ಎಲ್ಲ ಸಿಕ್ಕಿಸಿ, ನಾಬ್ ಎಳೆದಿಟ್ಟು, ನಾಲ್ಕು ಅಂಕಿ ಬರೆದು ತಿಳಿಸಿ: ಬ್ಯಾಟರಿಯ ಮೇಲೆ ಎಷ್ಟು, ಸ್ವಿಚ್ಚಿನ ಒಳಗೆ ಹೋಗುವ ಕಡೆ ಎಷ್ಟು, ಹೊರಗೆ ಬರುವ ಕಡೆ ಎಷ್ಟು, ಕ್ಲಚ್‌ನ ಎರಡು ವೈರಿನ ನಡುವೆ ಎಷ್ಟು. ಎಲ್ಲಿ ಇಳಿದಿದೆಯೋ ಅಲ್ಲಿಂದ ಮುಂದಿನ ಮಾತು.