ಕರು ಗಂಟೆಯೊಳಗೆ ಎದ್ದು ನಿಂತಿತು, ಮಗು ಯಾವಾಗ ನಡೆದೀತು?

ಪ್ರಶ್ನೆ: ಕಳೆದ ವಾರ ನಮ್ಮ ಕೊಟ್ಟಿಗೆಯಲ್ಲಿ ಹಸು ಕರು ಹಾಕಿತು. ಹುಟ್ಟಿದ ಒಂದು ಗಂಟೆಯೊಳಗೆ ಕರು ಎದ್ದು ನಿಂತು ಕೆಚ್ಚಲಿಗೆ ಬಾಯಿ ಹಾಕಿತು. ನನ್ನ ಮೊಮ್ಮಗಳಿಗೆ ಹದಿಮೂರು ತಿಂಗಳು ತುಂಬಿದೆ. ಗೋಡೆ ಹಿಡಿದು ನಿಲ್ಲುತ್ತಾಳೆ, ಮಂಚದ ಅಂಚು ಹಿಡಿದು ಪಕ್ಕಕ್ಕೆ ಸರಿಯುತ್ತಾಳೆ, ಆದರೆ ಕೈಬಿಟ್ಟು ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ಪಕ್ಕದ ಮನೆಯ ಮಗು ಹತ್ತು ತಿಂಗಳಿಗೇ ನಡೆದಿದೆ. ಅವರು ವಾಕರ್ ತಂದುಕೊಡಿ ಎನ್ನುತ್ತಿದ್ದಾರೆ. ತರಬಹುದೇ?
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಅಮ್ಮಾ, ಮೊದಲು ಸಮಾಧಾನ ತಂದುಕೊಳ್ಳಿ. ಮಂಚದ ಅಂಚು ಹಿಡಿದು ಸರಿದಾಡುವ ಮಗು ಆಗಲೇ ನಡಿಗೆಯ ಅಭ್ಯಾಸ ನಡೆಸಿದೆ. ಭಾರತವೂ ಸೇರಿದಂತೆ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಗು ಆಸರೆಯಿಲ್ಲದೆ ನಡೆಯತೊಡಗುವುದು 8.2 ತಿಂಗಳಿನಿಂದ 17.6 ತಿಂಗಳ ನಡುವೆ. ಪಕ್ಕದ ಮನೆಯ ಮಗು ನಡೆದದ್ದೂ ಈ ಅವಧಿಯಲ್ಲೇ, ನಿಮ್ಮ ಮೊಮ್ಮಗಳಿಗೂ ಇನ್ನೂ ಸಮಯವಿದೆ.

ಕರುವಿನ ಅವಸರಕ್ಕೆ ಬೇರೆಯೇ ಕಾರಣವಿದೆ. ಹಸುವಿನ ಗರ್ಭದಲ್ಲಿರುವಾಗ ಕರುವಿಗೆ ತಾಯಿಯ ರಕ್ತದಿಂದ ರೋಗನಿರೋಧಕ ಅಂಶಗಳು ದಾಟಿ ಬರುವುದಿಲ್ಲ. ಅವು ಗಿಣ್ಣುಹಾಲಿನಿಂದಲೇ ಸಿಗಬೇಕು, ಅವನ್ನು ಹೀರಿಕೊಳ್ಳುವ ಶಕ್ತಿಯೋ ಕರುಳಿಗೆ ಹೆಚ್ಚೆಂದರೆ ಒಂದು ದಿನ ಇರುತ್ತದೆ. ಆದ್ದರಿಂದಲೇ ಅದು ಮೈಯ ಲೋಳೆ ಆರುವ ಮೊದಲೇ ನಡುಗುವ ಕಾಲೂರಿ ಏಳುತ್ತದೆ. ಮನುಷ್ಯರ ಮಗುವಿಗೆ ಈ ರಕ್ಷಣೆಯ ಒಂದು ಪಾಲು ಗರ್ಭದಲ್ಲೇ ಸಿಕ್ಕಿರುತ್ತದೆ, ಹಾಲು ಕುಡಿಸಲು ಎತ್ತಿಕೊಳ್ಳುವ ಕೈಗಳೂ ಇರುತ್ತವೆ. ಬೇಗ ಎದ್ದು ನಿಂತ ಮಾತ್ರಕ್ಕೆ ಎಲ್ಲವೂ ಬಂದಂತಲ್ಲ. ಆನೆಮರಿ ಹುಟ್ಟಿದ ದಿನವೇ ನಿಲ್ಲುತ್ತದೆ, ಆದರೆ ತನ್ನ ಸೊಂಡಿಲನ್ನು ಹಿಡಿತಕ್ಕೆ ತಂದುಕೊಳ್ಳಲು ಅದಕ್ಕೆ ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಮಂಡಿಯೂರಿ ಬಾಯಿಂದಲೇ ನೀರು ಕುಡಿಯುತ್ತದೆ.

ವಾಕರ್ ಖಂಡಿತ ಬೇಡ. ಅದರಲ್ಲಿ ಕುಳಿತ ಮಗು ತುದಿಗಾಲಿನಲ್ಲಿ ನೆಲವನ್ನು ತಳ್ಳುವುದನ್ನು ಕಲಿಯುತ್ತದೆಯೇ ಹೊರತು, ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟಿಸುವುದನ್ನಲ್ಲ, ಮತ್ತು ನಡಿಗೆಯೆಂದರೆ ಮುಖ್ಯವಾಗಿ ಅದೇ. ಮೇಲಾಗಿ, ನೀವು ಬಾಗಿಲಿಗೆ ಬರುವಷ್ಟರಲ್ಲಿ ಅದು ಜಗಲಿಯ ಮೆಟ್ಟಿಲು ತಲುಪಿರುತ್ತದೆ. ಇಂತಹ ಅಪಘಾತಗಳ ಕಾರಣಕ್ಕೇ ಕೆನಡಾ ದೇಶವು 2004ರಲ್ಲಿ ವಾಕರ್‌ ಮಾರಾಟವನ್ನು ನಿಷೇಧಿಸಿತು.

ಮಗುವಿಗೆ ಬೇಕಾಗಿರುವುದು ಬರಿಗಾಲು, ಜಾರದ ನೆಲ ಮತ್ತು ಬೀಳುವ ಅವಕಾಶ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಯಾರೆನ್ ಅಡಾಲ್ಫ್ ಮತ್ತು ಸಂಗಡಿಗರು 12ರಿಂದ 19 ತಿಂಗಳ ಮಕ್ಕಳು ಆಡುವುದನ್ನು ಎಣಿಸಿ ನೋಡಿ 2012ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಮಗು ಗಂಟೆಗೆ ಸರಾಸರಿ 2,368 ಹೆಜ್ಜೆ ಇಡುತ್ತದೆ ಮತ್ತು 17 ಸಲ ಬೀಳುತ್ತದೆ. ಬಿದ್ದಾಗಲೆಲ್ಲ ಮನೆಮಂದಿ ಕೂಗಿಕೊಂಡು ಎತ್ತಿಕೊಂಡರೆ ಮಗು ನೆಲಕ್ಕಿಂತ ನಮ್ಮ ಮುಖಕ್ಕೇ ಹೆಚ್ಚು ಹೆದರುತ್ತದೆ ಎಂಬುದು ನನ್ನ ಅನುಭವ. ನೀವು ಮಂಚದಿಂದ ಎರಡು ಮಾರು ದೂರದಲ್ಲಿ ನೆಲದ ಮೇಲೆ ಕುಳಿತು, ಅವಳಿಗೆ ಇಷ್ಟವಾದ ಒಂದು ಲೋಟವನ್ನೋ ಚಮಚವನ್ನೋ ಹಿಡಿದಿರಿ. ಅವಳು ಅಂಬೆಗಾಲಿಡುತ್ತಲೇ ಬಂದರೂ ಅಷ್ಟೇ ಪ್ರೀತಿಯಿಂದ ಕೊಡಿ. ಎರಡೂ ಕೈಗಳನ್ನು ಮೇಲಕ್ಕೆ ಎಳೆದು ಹಿಡಿದು ನಡೆಸಬೇಡಿ, ಅದರಿಂದ ಮೈಯ ಸಮತೋಲ ನಿಮ್ಮ ಕೈಯಲ್ಲೇ ಉಳಿಯುತ್ತದೆ.

ಹದಿನೆಂಟು ತಿಂಗಳು ತುಂಬಿದರೂ ನಡೆಯದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಲೇಬೇಕು. ಒಂದು ಕಾಲನ್ನು ಮಾತ್ರ ಎಳೆಯುತ್ತಿದ್ದರೆ, ಮೈ ತೀರಾ ಬಿಗಿಯಾಗಿದ್ದರೆ ಅಥವಾ ಸಡಿಲವಾಗಿದ್ದರೆ, ಇಲ್ಲವೇ ಮೊದಲು ಮಾಡುತ್ತಿದ್ದುದನ್ನು ಈಗ ಬಿಟ್ಟಿದ್ದರೆ, ಅಷ್ಟು ದಿನ ಕಾಯದೆ ಈ ವಾರವೇ ಹೋಗಿ ಬನ್ನಿ.